ಮ್ಯಾನ್‌ಹೋಲ್ ಬಾಯಿಗೆ ತಾಗಿದ ಚೇಂಬರ್: ಮಡಿಕೇರಿಯ ಒಂದು ಕಾರಿನ ಪ್ರಕರಣ

ಕೊಡಗಿನ ಕೈಲ್ ಮುಹೂರ್ತ ಹಬ್ಬದ ಹಿಂದಿನ ಸಂಜೆ ಮೇಷ್ಟ್ರ ಫೋನ್ ಬಂತು. ಮಳೆಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲೇ ಇಲ್ಲ. "ಆಯಿಲ್ ಡಬ್ಬಿ ಚಿತ್ರದ ಕೆಂಪು ಲೈಟ್ ಬಂತು. ಮೇಕೇರಿ ಇಳಿಜಾರಲ್ಲಿ ನಿಲ್ಲಿಸಿದ್ದೇನೆ. ಎಂತ ಮಾಡುವುದು ಈಗ?" ಎಂದರು. ನಾನು ಕೇಳಿದ್ದು ಒಂದೇ ಮಾತು, "ಎಂಜಿನ್ ಆಫ್ ಮಾಡಿದ್ದೀರಾ ಸರ್?" ಮಾಡಿದ್ದರು. "ಮತ್ತೆ ಸ್ಟಾರ್ಟ್ ಮಾಡಬೇಡಿ, ಯಾರು ಏನು ಹೇಳಿದರೂ ಮಾಡಬೇಡಿ, ನಾನು ಬರುತ್ತೇನೆ" ಎಂದು ಹೇಳಿ ಹೊರಟೆ.

ಮಡಿಕೇರಿಯಲ್ಲಿ ಗ್ಯಾರೇಜ್ ಇಟ್ಟು ಇಪ್ಪತ್ತು ವರ್ಷ ದಾಟಿತು. ಚೇಂಬರ್, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಒಡೆದುಕೊಂಡು ಬರುವ ಕಾರು ನನಗೆ ಹೊಸದಲ್ಲ. ಇದನ್ನೇ ಆರಿಸಿ ಬರೆಯಲು ಕಾರಣ, ಕಾರಿನ ಯಜಮಾನರು ಗಣಿತದ ಮೇಷ್ಟ್ರು. "ತಾಗಿತು, ಒಡೆಯಿತು" ಎಂದು ಬಿಟ್ಟುಬಿಡುವವರಲ್ಲ. ಎಷ್ಟು ಎತ್ತರದ್ದು ತಾಗಿತು, ಯಾಕೆ ಅವತ್ತೇ ತಾಗಿತು ಎಂದು ನನ್ನನ್ನು ಕೂರಿಸಿಕೊಂಡು ಲೆಕ್ಕ ಹಾಕಿದರು. ಆ ಲೆಕ್ಕದಿಂದ ನನಗೇ ಗೊತ್ತಿಲ್ಲದ್ದು ಕೆಲವು ಗೊತ್ತಾಯಿತು.

ಕಾರು ಐದು ಸೀಟಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕೂವರೆ ವರ್ಷ ಹಳೆಯದು. ಕೈಪಿಡಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ಹೊಟ್ಟೆಗಿರುವ ಎತ್ತರ) 163 ಮಿ.ಮೀ. ಎಂದಿದೆ. ಮೂರ್ನಾಡಿನ ಕಡೆ ಇರುವ ಐನ್‌ಮನೆಗೆ (ಕುಟುಂಬದ ಮೂಲ ಮನೆಗೆ) ಹಬ್ಬಕ್ಕೆ ಹೊರಟಿದ್ದರು. ಮೇಷ್ಟ್ರು, ಅವರ ಹೆಂಡತಿ, ಅಮ್ಮ, ಇಬ್ಬರು ಬೆಳೆದ ಮಕ್ಕಳು. ಡಿಕ್ಕಿಯಲ್ಲಿ 25 ಕೆ.ಜಿ. ಅಕ್ಕಿ ಚೀಲ, ಎರಡು ಬ್ಯಾಗು, ಹಬ್ಬದ ಸಾಮಾನು.

ಏಟು ಬಿದ್ದದ್ದು ಪೇಟೆಯೊಳಗಿನ ಒಂದು ಇಳಿಜಾರು ರಸ್ತೆಯಲ್ಲಿ. ಅಲ್ಲಿ ಪೈಪ್ ಹಾಕಲು ಅಗೆದು, ಮಣ್ಣು ತುಂಬಿ, ಮೇಲೆ ಜಲ್ಲಿ ಹರಡಿದ್ದರು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಧಮ್ಮಸ್ಸು ಮಾಡದೆ ತುಂಬಿದ ಮಣ್ಣು ಅಷ್ಟು ನೀರು ಕುಡಿದರೆ ಕೂರದೆ ಇರುತ್ತದೆಯೇ? ಮಣ್ಣು ಕೂತಿತು, ಆದರೆ ನಡುವೆ ಇದ್ದ ಮ್ಯಾನ್‌ಹೋಲಿನ ಕಾಂಕ್ರೀಟ್ ಬಳೆ ಕೂರಲಿಲ್ಲ. ಬಾವಿಕಟ್ಟೆಯ ಹಾಗೆ ಎದ್ದು ನಿಂತಿತು. ಸುತ್ತ ಕೆಂಪು ನೀರು ನಿಂತಾಗ ಅದು ಕಾಣುವುದೇ ಇಲ್ಲ. ಮೇಷ್ಟ್ರಿಗೆ ಕೊನೆಯ ಗಳಿಗೆಯಲ್ಲಿ ಕಂಡಿತು, ಬ್ರೇಕ್ ಒತ್ತಿದರು, 'ಟಣ್' ಎಂದಿತು. ಇಳಿದು ಬಗ್ಗಿ ನೋಡಿದ್ದಾರೆ. ಕತ್ತಲಾಗುತ್ತಿತ್ತು, ರಸ್ತೆಯ ಮೇಲೆ ನೀರು ಹರಿಯುತ್ತಿತ್ತು, ಏನೂ ಕಾಣಲಿಲ್ಲ. ಆಯಿಲ್ ಸೋರಿದ್ದರೂ ಹರಿಯುವ ನೀರು ಅದನ್ನು ಆಗಿಂದಾಗಲೇ ಒಯ್ದಿರುತ್ತಿತ್ತು. ಹೀಗಾಗಿ ಹೊರಟುಬಿಟ್ಟರು.

ಊರು ದಾಟಿ ಇಳಿಜಾರಿನ ಒಂದು ತಿರುವಿನಲ್ಲಿ ಕೆಂಪು ದೀಪ ಮಿಣುಕಿತು. ಮುಂದೆ ಕೂತಿದ್ದ ಮಗಳು ಕಂಡು, "ಅಪ್ಪ, ಎಂತದೋ ಕೆಂಪು ಬಂತು" ಎಂದಳಂತೆ. ಮುಂದಿನ ತಿರುವಿಗೆ ದೀಪ ನಿಂತು ಉರಿಯಿತು. ಜಾಗ ಹುಡುಕದೆ, ಗುಡ್ಡ ಕಡಿದ ಬರೆಯ ಪಕ್ಕಕ್ಕೆ ಸರಿಸಿ ಅಲ್ಲೇ ಎಂಜಿನ್ ಆರಿಸಿದರು.

ಆ ದೀಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಆಯಿಲ್ ಕಡಿಮೆಯಾಗಿದೆ ಎಂದು ಎಚ್ಚರಿಸುವ ದೀಪ ಎಂದು ಎಷ್ಟೋ ಜನ ತಿಳಿದಿದ್ದಾರೆ. ಪೆಟ್ರೋಲ್ ರಿಸರ್ವಿಗೆ ಬಂದ ಹಾಗೆ ಇನ್ನಷ್ಟು ದೂರ ಹೋಗಬಹುದು ಎಂದುಕೊಳ್ಳುತ್ತಾರೆ. ಹಾಗಲ್ಲ. ಅದು ಒತ್ತಡದ ದೀಪ. ಪಂಪ್ ಆಯಿಲ್ ಬದಲು ಗಾಳಿ ಎಳೆಯಲು ಶುರುಮಾಡಿದಾಗ ಅದು ಹತ್ತುತ್ತದೆ. ಅಂದರೆ ದೀಪ ಕಾಣುವ ಹೊತ್ತಿಗೆ ಕ್ರ್ಯಾಂಕಿನ ಬೇರಿಂಗಿಗೆ ಬೇಕಾದಷ್ಟು ಆಯಿಲ್ ಹೋಗುವುದು ನಿಂತಿರುತ್ತದೆ. ಮೊದಲು ತಿರುವಿನಲ್ಲಿ ಮಿಣುಕಿದ್ದಕ್ಕೂ ಕಾರಣ ಇದೆ. ಉಳಿದಿದ್ದ ಸ್ವಲ್ಪ ಆಯಿಲ್ ತಿರುವಿನಲ್ಲಿ ಒಂದು ಬದಿಗೆ ವಾಲಿ, ಪಂಪಿಗಾಗಿ ಆಯಿಲ್ ಹೀರುವ ಜಾಲರಿ ಖಾಲಿಯಾಗಿತ್ತು. ನಮ್ಮ ಊರಿನಂತಹ ಏರಿಳಿತದ ರಸ್ತೆಯಲ್ಲಿ ಈ ಮಿಣುಕು ಮೊದಲ ಸೂಚನೆ, ಅದೂ ಕೆಲವೇ ಸೆಕೆಂಡ್ ಸಿಗುವ ಸೂಚನೆ.

ನಾನು ತಲುಪುವಾಗ ಒಬ್ಬ ಪಿಕಪ್ ಚಾಲಕ ಪಕ್ಕದಲ್ಲಿ ನಿಂತಿದ್ದ. ಒಳ್ಳೆಯ ಮನುಷ್ಯ, ಮಳೆಯಲ್ಲಿ ನೆನೆದುಕೊಂಡೇ ಸಹಾಯಕ್ಕೆ ನಿಂತವ. "ಬಟ್ಟೆ ಸೋಪು ಮೆತ್ತಿ, ಎರಡು ಲೀಟರ್ ಆಯಿಲ್ ಸುರಿದು ಹೋಗಿ ಸರ್, ನಾನು ಎಷ್ಟು ಸಲ ಮಾಡಿದ್ದೇನೆ" ಎನ್ನುತ್ತಿದ್ದ. ಪೆಟ್ರೋಲ್ ಟ್ಯಾಂಕ್ ಸಣ್ಣಗೆ ಸೋರಿದಾಗ ಸೋಪು ನಿಜಕ್ಕೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಿಸಿ ಆಯಿಲಿಗೆ ಅದು ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು, ಅದು ಮರುದಿನ ಚೇಂಬರ್ ಬಿಚ್ಚಿದಾಗ ಕಣ್ಣಿಗೆ ಬಿತ್ತು.

ಹಗ್ಗ ಕಟ್ಟಿ ಎಳೆಯುವುದೂ ಬೇಡ ಎಂದೆ. ಎಂಜಿನ್ ಓಡದಿದ್ದರೆ ಬ್ರೇಕಿಗೆ ಬೂಸ್ಟರ್ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ. ಮಂಜು, ಕತ್ತಲೆ, ಏರು ತಿರುವು. ಮನೆಯವರನ್ನು ಪಿಕಪ್ ಚಾಲಕನೇ ಐನ್‌ಮನೆಗೆ ಮುಟ್ಟಿಸಿದ. ಕಾರು ಬೆಳಿಗ್ಗೆ ಹಲಗೆ ಗಾಡಿಯ ಮೇಲೆ ಕೂತು ಗ್ಯಾರೇಜಿಗೆ ಬಂತು.

ಬಿಚ್ಚಿದಾಗ ಕಂಡದ್ದು

ರ‍್ಯಾಂಪಿಗೆ ಏರಿಸಿದೆವು. ಅಡಿಯಲ್ಲಿ ಕಾಫಿ ಎಲೆ, ಹುಲ್ಲು, ಒಣಗಿ ಇಟ್ಟಿಗೆಯಾದ ಕೆಂಪು ಮಣ್ಣು, ಹುಡುಗನ ಕೈಗೆ ಒಂದು ಜಿಗಣೆಯೂ ಹತ್ತಿತು. ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್ ಇರಲೇ ಇಲ್ಲ. ಹಿಂದೆ ಬೇರೆಲ್ಲೋ ಸರ್ವಿಸ್ ಮಾಡಿಸಿದಾಗ ಕ್ಲಿಪ್ ಮುರಿದಿದೆ ಎಂದು ತೆಗೆದವರು ಮತ್ತೆ ಹಾಕಿರಲಿಲ್ಲ, ಮೇಷ್ಟ್ರಿಗೆ ಹೇಳಿಯೂ ಇರಲಿಲ್ಲ. ಆ ಕವರ್ ಕಲ್ಲೇಟನ್ನು ತಡೆಯುವುದಿಲ್ಲ ನಿಜ. ಆದರೆ ಕೆಸರು ನೀರು ಬೆಲ್ಟಿಗೂ ಆಲ್ಟರ್ನೇಟರಿಗೂ ಹಾರುವುದನ್ನು ತಡೆಯುತ್ತದೆ. ಮಳೆಗಾಲದ ಊರಿನಲ್ಲಿ ಅದನ್ನು ತೆಗೆದು ಮೂಲೆಗೆ ಹಾಕುವುದು ತಪ್ಪು.

ಚೇಂಬರ್ ತಗಡಿನದು. ಈಗಿನ ಕೆಲವು ಎಂಜಿನ್‌ಗಳಲ್ಲಿ ಅಲ್ಯುಮಿನಿಯಂ ಎರಕದ್ದು ಇರುತ್ತದೆ, ಅದು ತಗ್ಗುವುದಿಲ್ಲ, ನೇರ ಸೀಳುತ್ತದೆ. ತಗಡು ತಗ್ಗಿ ಏಟನ್ನು ನುಂಗುತ್ತದೆ. ಇಲ್ಲಿ ನುಂಗಿದ್ದು ಸಾಲದೆ, ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟಿನ ನಟ್ಟನ್ನು ಬೆಸೆದ ಜಾಗದಲ್ಲಿ ಕೂದಲಿನಷ್ಟು ಬಿರುಕು ಬಿಟ್ಟಿತ್ತು. ಆಯಿಲ್ ಒಂದೇ ಸಲ ಸುರಿಯದೆ ಮೇಕೇರಿಯವರೆಗೆ ಬಂದದ್ದು ಅದಕ್ಕೇ.

ಬಿಚ್ಚಿದ ಚೇಂಬರನ್ನು ಡೀಸೆಲಿನಲ್ಲಿ ತೊಳೆದು, ಮೇಜಿನ ಮೇಲೆ ಬೋರಲು ಹಾಕಿ ಮೇಷ್ಟ್ರನ್ನು ಕರೆದೆ. ನಾನು ಜನರಿಗೆ ತೋರಿಸಬೇಕೆಂದು ಹಂಬಲಿಸುವುದೇ ಇದನ್ನು. ಹೊಸ ಗೀರು ಒಂದು, ಬೆಳ್ಳಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಇನ್ನೂ ಏಳು ಗೀರುಗಳು, ಎಲ್ಲವೂ ಮುಂದಿನಿಂದ ಹಿಂದಕ್ಕೆ ಎಳೆದವು. ಎರಡು ಕಂದು, ಉಳಿದವು ತುಕ್ಕು ಹಿಡಿದು ಕಪ್ಪಾಗಿದ್ದವು. ಡ್ರೇನ್ ಬೋಲ್ಟಿನ ಆರು ಮೂಲೆಯ ತಲೆ ಒಂದು ಬದಿಯಲ್ಲಿ ಅರದಿಂದ ಉಜ್ಜಿದಂತೆ ಸವೆದಿತ್ತು. ಒಂದು ದಿನದ ಏಟಿನಿಂದ ಹಾಗಾಗುವುದಿಲ್ಲ. ಮೇಷ್ಟ್ರು ಬೆರಳಿಟ್ಟು ಒಂದೊಂದನ್ನೇ ಎಣಿಸಿದರು. "ಇಷ್ಟು ಸಲ ತಾಗಿತ್ತಾ? ನನಗೆ ಎರಡು ಸಲದ್ದು ಮಾತ್ರ ನೆನಪಿದೆ" ಎಂದು ಬೇಸರಪಟ್ಟರು. ಕಾರಿನ ಹೊಟ್ಟೆ ಎರಡು ವರ್ಷದಿಂದ ಹೇಳುತ್ತಲೇ ಇತ್ತು. ಆಯಿಲ್ ಬದಲಿಸಲು ಪ್ರತಿ ಸಲ ಕಾರಿನಡಿ ಹೋದ ಯಾರಾದರೂ ಒಬ್ಬರು ಅದನ್ನು ಓದಿ ಮೇಷ್ಟ್ರಿಗೆ ಹೇಳಬಹುದಿತ್ತು.

ಈಗ ಒಳಬದಿ. ತಗ್ಗಿದ ತಗಡು ಮೇಲೆದ್ದು ಆಯಿಲ್ ಹೀರುವ ಜಾಲರಿಗೆ ಒತ್ತಿ ನಿಂತಿತ್ತು. ಜಾಲರಿಯ ದುಂಡು ಅಂಚು ತಗಡಿನ ಮೇಲೆ ಉಂಗುರದ ಹಾಗೆ ಅಚ್ಚಾಗಿತ್ತು. ಚೇಂಬರ್ ತುಂಬ ಆಯಿಲ್ ಇದ್ದರೂ ಬಾಯಿ ಮುಚ್ಚಿದ ಜಾಲರಿ ಬೇಕಾದಷ್ಟು ಎಳೆಯಲಾರದು. ಅವತ್ತು ಸಂಜೆ ಸೋಪು ಮೆತ್ತಿ, ಆಯಿಲ್ ಸುರಿದು, ಸೋರಿಕೆ ನಿಂತಿತೆಂದು ಏರು ಹತ್ತಿಸಿದ್ದರೆ ಎಂಜಿನ್ ಜಾಮ್ ಆಗಿ ಹಿಡಿದುಕೊಳ್ಳುವ ಸಾಧ್ಯತೆಯೇ ಹೆಚ್ಚಿತ್ತು. ಸೋರದೆ ಬರೀ ತಗ್ಗಿದ ಚೇಂಬರನ್ನು "ಏನೂ ಆಗಿಲ್ಲ, ಸೋರ್ತಾ ಇಲ್ಲ" ಎಂದು ಓಡಿಸುವವರು ಈ ಉಂಗುರವನ್ನು ನೆನಪಿಟ್ಟುಕೊಳ್ಳಬೇಕು.

ಹೊಸ ಚೇಂಬರ್, ಹೊಸ ಜಾಲರಿ, ಡ್ರೇನ್ ಬೋಲ್ಟಿಗೆ ಹೊಸ ವಾಷರ್. ಅಂಟು ಪೇಸ್ಟ್ ಒಣಗಲು ಒಂದು ರಾತ್ರಿ ಬಿಟ್ಟು ಆಯಿಲ್ ತುಂಬಿದೆವು. ಹಳೆಯ ಫಿಲ್ಟರನ್ನು ಕೊಯ್ದು, ಒಳಗಿನ ಕಾಗದ ಬಿಡಿಸಿ ಬೆಳಕಿಗೆ ಹಿಡಿದು ನೋಡಿದೆ. ಬೇರಿಂಗ್ ಉಜ್ಜಿದ್ದರೆ ಅಲ್ಲಿ ಮಿನುಗು ಪುಡಿ ಇರುತ್ತದೆ. ಇರಲಿಲ್ಲ. ಗೇಜ್ ಹಾಕಿ ನೋಡಿದಾಗ ಒತ್ತಡವೂ ಸರಿ ಇತ್ತು. ಮಗಳ ಕಣ್ಣು ಎಂಜಿನ್ ಉಳಿಸಿತು.

ವಿಮೆಯ ಮಾತು ಬಂತು. ಮೇಷ್ಟ್ರು ನಾಲ್ಕು ವರ್ಷ ಕ್ಲೇಮ್ ಮಾಡಿರಲಿಲ್ಲ, 45 ಶೇಕಡಾ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇತ್ತು. ಕ್ಲೇಮ್ ಮಾಡಿದರೆ ಅದು ಸೊನ್ನೆಯಾಗುತ್ತದೆ. ಇನ್ನೊಂದು ಕಡೆ, ನಾಲ್ಕರಿಂದ ಐದು ವರ್ಷದ ಕಾರಿನ ಲೋಹದ ಭಾಗಕ್ಕೆ 35 ಶೇಕಡಾ ಸವಕಳಿ ಕಳೆಯುತ್ತಾರೆ, 1,500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ 1,000 ರೂಪಾಯಿ ನಾವೇ ಹಾಕಬೇಕು, ಆಯಿಲ್‌ನಂತಹ ಬಳಕೆ ವಸ್ತುಗಳಿಗೆ ಬೇರೆ ಆ್ಯಡ್-ಆನ್ ಇಲ್ಲದಿದ್ದರೆ ಏನೂ ಸಿಗದು. ತಗಡಿನ ಚೇಂಬರಿಗೆ ಕ್ಲೇಮ್ ಮಾಡಿದರೆ ನಷ್ಟವೇ. ಕೈಯಿಂದ ಕಟ್ಟಿದರು. ಎಂಜಿನ್ ಹೋಗಿದ್ದರೆ ಕಥೆ ಬೇರೆ. ಚೇಂಬರ್ ಒಡೆದ ಮೇಲೂ ಓಡಿಸಿದ್ದರಿಂದ ಆದ ಎಂಜಿನ್ ಹಾನಿಯನ್ನು ಸಾಮಾನ್ಯ ಪಾಲಿಸಿ ಪರಿಣಾಮದ ನಷ್ಟವೆಂದು ಪರಿಗಣಿಸಿ ಹೊರಗಿಡುತ್ತದೆ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಆ್ಯಡ್-ಆನ್ ಬೇಕು, ಅದರಲ್ಲೂ ಷರತ್ತುಗಳಿವೆ. ಮುಂದಿನ ನವೀಕರಣದಲ್ಲಿ ಮೇಷ್ಟ್ರು ಅದನ್ನು ಸೇರಿಸಿದರು. ಬೆಟ್ಟದ ಊರಿನವರಿಗೆ ಅದು ದುಂದುವೆಚ್ಚ ಎಂದು ನನಗನ್ನಿಸುವುದಿಲ್ಲ.

ಥರ್ಮೋಕೋಲ್ ಇಟ್ಟು ನೋಡಿದ್ದು

"163 ಮಿಲಿಮೀಟರ್ ಎತ್ತರ ಇರುವ ಕಾರಿಗೆ ಆ ಬಳೆ ಹೇಗೆ ತಾಗಿತು? ನಾನು ಅಳೆದು ಬಂದೆ, ಕೂತ ಮಣ್ಣಿನಿಂದ ಬಳೆಯ ತುದಿಗೆ 110 ಇದೆ ಅಷ್ಟೆ." ಮೇಷ್ಟ್ರ ಈ ಪ್ರಶ್ನೆಯಿಂದಲೇ ನಿಜವಾದ ಕೆಲಸ ಶುರುವಾಯಿತು.

ಸಮ ನೆಲದ ಮೇಲೆ ಕಾರು ನಿಲ್ಲಿಸಿ ಡ್ರೇನ್ ಬೋಲ್ಟಿನಿಂದ ನೆಲಕ್ಕೆ ಅಳೆದೆವು. ಕಾರು ಖಾಲಿ ಇದ್ದಾಗ ಕೈಪಿಡಿಯ ಲೆಕ್ಕಕ್ಕೆ ಹತ್ತಿರವೇ ಇತ್ತು. ಆಮೇಲೆ ಗ್ಯಾರೇಜಿನ ಹುಡುಗರು ನಾಲ್ವರು, ಮೇಷ್ಟ್ರು, ಡಿಕ್ಕಿಗೆ ಅಕ್ಕಿ ಚೀಲದ ಬದಲು ಹಳೆಯ ಗೇರ್‌ಬಾಕ್ಸ್. ಮುಂಭಾಗ 138ಕ್ಕೆ ಇಳಿಯಿತು. ಟಯರಿನಲ್ಲಿ 24 ಪಿಎಸ್‌ಐ ಗಾಳಿ ಇತ್ತು, ತುಂಬಿದ ಕಾರಿಗೆ ಬೇಕಾದದ್ದಕ್ಕಿಂತ ಬಹಳ ಕಡಿಮೆ. ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ತುಂಬಿದ ಮೇಲೆ ನಾಲ್ಕು ಮಿ.ಮೀ. ವಾಪಸ್ ಬಂತು. ಏನೂ ಖರ್ಚಿಲ್ಲದೆ ಸಿಕ್ಕ ಎತ್ತರ ಅದು.

ಇಷ್ಟಾದರೂ 110ಕ್ಕೆ ಇನ್ನೂ ಜಾಗವಿತ್ತು. ಗಾಳಿಯನ್ನು ಮತ್ತೆ ಅವತ್ತಿನಷ್ಟೇ ಇಳಿಸಿ, ಥರ್ಮೋಕೋಲನ್ನು 140, 120, 100 ಮಿ.ಮೀ. ಎತ್ತರಕ್ಕೆ ಕೊಯ್ದು ಗ್ಯಾರೇಜಿನ ಅಂಗಳದಲ್ಲಿ ಚಕ್ರಗಳ ನಡುವೆ ಬರುವಂತೆ ಇಟ್ಟೆವು. ಐದು ಜನ ಕೂತ ಕಾರನ್ನು ನಿಧಾನಕ್ಕೆ, ಬ್ರೇಕ್ ಮುಟ್ಟದೆ ಅದರ ಮೇಲೆ ಹಾಯಿಸಿದರೆ 140 ಮಾತ್ರ ಉರುಳಿತು. ಅದೇ ಕಾರು ಇಪ್ಪತ್ತರ ವೇಗದಲ್ಲಿ ಬಂದು, ತುಂಡಿನ ಹತ್ತಿರ ಬ್ರೇಕ್ ಒತ್ತಿಕೊಂಡೇ ದಾಟಿದಾಗ 120ರ ತುಂಡಿನ ತಲೆ ಹಾರಿತು. 100 ಉಳಿಯಿತು. ಬ್ರೇಕ್ ಹಾಕಿದರೆ ಭಾರ ಮುಂದಕ್ಕೆ ಬಂದು ಮೂತಿ ಬಗ್ಗುತ್ತದೆ ಎಂದು ಎಲ್ಲರಿಗೂ ಗೊತ್ತು. ಎಷ್ಟು ಬಗ್ಗುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಎರಡು, ಮೂರು ಸೆಂಟಿಮೀಟರ್. ಬಳೆ ಅವತ್ತು ತಾಗಿದ್ದು ಸರಿಯಾಗಿ ಅಷ್ಟರಲ್ಲಿ.

ಹೀಗಾಗಿ ಮೇಷ್ಟ್ರಿಗೆ ನಾನು ಮೊದಲು ಹೇಳಿದ್ದು ಕಾಲಿನ ವಿಷಯ. ಬ್ರೇಕನ್ನು ಮುಂಚೆಯೇ ಒತ್ತಿ ವೇಗ ಇಳಿಸಿ, ಗುಂಡಿಯೋ ಕಲ್ಲೋ ಚಕ್ರಕ್ಕೆ ಬರುವ ಮೊದಲು ಕಾಲು ಪೂರ್ತಿ ತೆಗೆದುಬಿಡಿ. ಮೂತಿ ಮೇಲೆದ್ದ ಮೇಲೆ ದಾಟಿ. ಎದ್ದು ನಿಂತ ದುಂಡು ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟು ದಾಟಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಜೀಪಿಗೆ ಸರಿ, ಹ್ಯಾಚ್‌ಬ್ಯಾಕಿಗೆ ಅಲ್ಲ. ಕಲ್ಲು ಗಟ್ಟಿಯಾಗಿ ಕೂತಿದ್ದು, ಚೂಪಾಗಿಲ್ಲದಿದ್ದರೆ ಚಕ್ರವನ್ನೇ ಅದರ ಮೇಲೆ ನಿಧಾನಕ್ಕೆ ಹತ್ತಿಸಬೇಕು, ಆಗ ಹೊಟ್ಟೆಯೂ ಜೊತೆಗೆ ಮೇಲೇಳುತ್ತದೆ.

ತೋಟದ ದಾರಿಗೂ ಇದೇ ಲೆಕ್ಕ. ಮೇಷ್ಟ್ರ ಐನ್‌ಮನೆಯ ಓಣಿಯಲ್ಲಿ ಟ್ರ್ಯಾಕ್ಟರು, ಪಿಕಪ್ಪು ಓಡಾಡಿ ಚಕ್ರದ ಎರಡು ಸಾಲು ತಗ್ಗಿ ನಡುವೆ ಹುಲ್ಲಿನ ದಿಣ್ಣೆ ಉಳಿದಿದೆ. ಹುಲ್ಲಿನೊಳಗೆ ಕಲ್ಲು ಇರುವುದು ಕಾಣುವುದಿಲ್ಲ. ಚೇಂಬರಿನ ಕಪ್ಪು ಗೀರುಗಳಲ್ಲಿ ಕೆಲವು ಅಲ್ಲಿಯವೇ ಇರಬೇಕು. ಅಲ್ಲಿ ಒಂದು ಬದಿಯ ಚಕ್ರವನ್ನು ದಿಣ್ಣೆಯ ಮೇಲೂ ಇನ್ನೊಂದನ್ನು ಅಂಚಿನ ಮೇಲೂ ಇಟ್ಟು ಹೋಗಬೇಕು. ಅಂಚು ಮೆತ್ತಗಾಗಿದ್ದರೆ, ಪಕ್ಕದಲ್ಲಿ ಇಳಿಜಾರಿದ್ದರೆ ಮಳೆಗಾಲದಲ್ಲಿ ಅದೂ ಬೇಡ. ಅಮ್ಮನೊಬ್ಬರನ್ನು ಕೂರಿಸಿಕೊಂಡು ಉಳಿದವರು ಆ ಇನ್ನೂರು ಮೀಟರ್ ನಡೆದರೆ ಕಾರು ತಾನಾಗಿ ಎರಡು ಸೆಂಟಿಮೀಟರ್ ಎದ್ದು ನಿಲ್ಲುತ್ತದೆ.

ರಸ್ತೆಉಬ್ಬುಗಳ ಮೇಲೆ ನನಗೆ ನಿಜವಾದ ಸಿಟ್ಟಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಉಬ್ಬು 10 ಸೆಂ.ಮೀ. ಎತ್ತರ, ಆದರೆ 3.7 ಮೀಟರ್ ಅಗಲ. ಅದರ ಮೇಲೆ ಕಾರು ದೋಣಿಯ ಹಾಗೆ ಏರಿ ಇಳಿಯುತ್ತದೆ. ಅಷ್ಟೇ ಎತ್ತರವನ್ನು ಒಂದು ಮೀಟರಿನೊಳಗೆ ಗೋಪುರ ಮಾಡಿದರೆ ಮುಂದಿನ ಚಕ್ರ ಇಳಿದು ಸ್ಪ್ರಿಂಗ್ ಕುಗ್ಗಿದ ಗಳಿಗೆಯಲ್ಲೇ ಹೊಟ್ಟೆ ಅದರ ಮೇಲಿರುತ್ತದೆ.

ಗಾರ್ಡ್ ಹಾಕಿದ್ದು, ಬೇಡವೆಂದದ್ದು

ಮೇಷ್ಟ್ರು ನಾಲ್ಕು ಉಪಾಯ ಕೇಳಿಕೊಂಡು ಬಂದಿದ್ದರು. ಸ್ಪ್ರಿಂಗ್ ಸುರುಳಿಯ ನಡುವೆ ತುರುಕುವ ರಬ್ಬರ್ ಬಫರನ್ನು ಬೇಡವೆಂದೆ. ಅದು ಎರಡು ಸುತ್ತುಗಳನ್ನು ಕೆಲಸ ಮಾಡದಂತೆ ಕಟ್ಟಿಹಾಕುತ್ತದೆ, ಆ ಭಾರವೆಲ್ಲ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ, ಸವಾರಿ ಗಡುಸಾಗುತ್ತದೆ. ಹಿಂದಿನ ಸ್ಪ್ರಿಂಗುಗಳು ನಿಜಕ್ಕೂ ಕೂತಿದ್ದವು, ಇದೇ ಮಾದರಿಯ ಇನ್ನೊಂದು ಕಾರಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಬೆರಳಗಲ ತಗ್ಗು. ಅವನ್ನು ಜೋಡಿಯಾಗಿ ಕಂಪನಿಯ ಸ್ಪ್ರಿಂಗಿಗೇ ಬದಲಿಸಿದೆವು. ಹಿಂದೆ ಸೈಲೆನ್ಸರ್ ಉಜ್ಜುವುದು ಅಲ್ಲಿಗೆ ನಿಂತಿತು.

ಟಯರ್ 165/80 ಆರ್ 14ರಿಂದ 175/80 ಆರ್ 14ಕ್ಕೆ ಹೋದರೆ ಎತ್ತರ ಎಂಟು ಮಿ.ಮೀ. ಹೆಚ್ಚುತ್ತದೆ, ಸುತ್ತಳತೆ ಎರಡೂವರೆ ಶೇಕಡಾ ಚಿಲ್ಲರೆ ದೊಡ್ಡದಾಗುತ್ತದೆ. ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. ಟಯರ್ ಸವೆದಾಗ, ರಿಮ್ಮಿಗೂ ಚಕ್ರದ ಗೂಡಿಗೂ ಹೊಂದುತ್ತದೆಯೇ ನೋಡಿ ಯೋಚಿಸಿದರೆ ಸಾಕು ಎಂದೆ.

ಅಂಡರ್ ಬಾಡಿ ಕೋಟಿಂಗ್ ಬಗ್ಗೆ ಜನರಲ್ಲಿ ತಪ್ಪು ತಿಳಿವಳಿಕೆ ಇದೆ. ಅದು ತುಕ್ಕಿಗೆ, ಸಣ್ಣ ಜಲ್ಲಿ ಹಾರುವುದಕ್ಕೆ. ಕಲ್ಲೇಟಿಗೆ ಅಲ್ಲ. ಒದ್ದೆ ಮಣ್ಣಿನ ಮೇಲೆ ಹೊಡೆದರೆ ತೇವ ಒಳಗೇ ಉಳಿದು ತಗಡನ್ನು ತಿನ್ನುತ್ತದೆ, ಬಾಗಿಲಡಿಯ ನೀರು ಹೋಗುವ ತೂತು ಮುಚ್ಚಿದರೆ ಇನ್ನೂ ಕೆಟ್ಟದು. ಮಳೆಗಾಲ ಮುಗಿದು, ಚೆನ್ನಾಗಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ ಡಿಸೆಂಬರಿನಲ್ಲಿ ಮಾಡಿದೆವು.

ಉಳಿದದ್ದು ಗಾರ್ಡ್, ಚೇಂಬರ್ ಕಾಯಲು ಅದರಡಿಗೆ ಕಟ್ಟುವ ತಗಡು. 3 ಮಿ.ಮೀ. ಉಕ್ಕಿನ ತಗಡು, ಸುಮಾರು 60 ಸೆಂ.ಮೀ. ಉದ್ದ, 50 ಅಗಲ, ತೂಕ ಏಳು ಕೆ.ಜಿ. ಅದನ್ನು ಚೇಂಬರಿಗೂ ಬಾಡಿಗೂ ಬೆಸೆಯದೆ, ಎಂಜಿನ್ ಕೂತಿರುವ ಸಬ್‌ಫ್ರೇಮಿನ ಬೋಲ್ಟ್ ಜಾಗದಲ್ಲೇ ತೂಗಿಸಿದೆ. ಏಟು ಬಿದ್ದರೆ ಭಾರ ಸಬ್‌ಫ್ರೇಮಿಗೆ ಹೋಗಬೇಕು. ಮುಂದಿನ ಅಂಚನ್ನು ಮೇಲಕ್ಕೆ ಬಾಗಿಸಿದೆ, ಇಲ್ಲದಿದ್ದರೆ ಗುದ್ದಲಿಯ ಹಾಗೆ ಮಣ್ಣು ಬಾಚುತ್ತದೆ. ಡ್ರೇನ್ ಬೋಲ್ಟಿಗೆ ಒಂದು ಕಿಂಡಿ, ಗಾಳಿಗೆ ಸೀಳುಗಳು. ತಗಡಿಗೂ ಚೇಂಬರಿಗೂ ನಡುವೆ ಸುಮಾರು 15 ಮಿ.ಮೀ. ಜಾಗ ಬಿಡಲೇಬೇಕು, ಅಂಟಿಕೊಂಡರೆ ಏಟು ನೇರ ದಾಟುತ್ತದೆ.

ಅದರ ಬೆಲೆಯನ್ನೂ ಹೇಳಿದೆ: ಈಗ ಕಾರಿನ ಅತಿ ತಗ್ಗಿನ ಭಾಗ ಗಾರ್ಡೇ, 18 ಮಿ.ಮೀ. ಎತ್ತರ ಹೋಯಿತು. ಮೊದಲಿಗಿಂತ ಹೆಚ್ಚು ಸಲ ತಾಗುತ್ತದೆ. ಆಯಿಲ್ ಜಿನುಗಿದರೆ ನೆಲಕ್ಕೆ ಬೀಳದೆ ತಗಡಿನ ಮೇಲೇ ನಿಂತು ಕಣ್ಣು ತಪ್ಪಿಸುತ್ತದೆ. ಗಾರ್ಡ್ ಹಾಕಿದ ಕಾರಿನಲ್ಲಿ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ಕನ್ನು ವಾರಕ್ಕೊಮ್ಮೆ ಎಳೆದು ನೋಡಬೇಕು. ಮೇಷ್ಟ್ರು ಭಾನುವಾರ ಬೆಳಿಗ್ಗೆ ನೋಡುತ್ತಾರೆ.

ಮುಂದಿನ ಮಳೆಗಾಲ ಕಳೆದು ಗಾರ್ಡ್ ಬಿಚ್ಚಿದೆವು. ಒಳಗೆ ಒಂದು ಬೊಗಸೆ ಕೆಂಪು ಮಣ್ಣು, ಸಿಲ್ವರ್ ಓಕ್ ಎಲೆಗಳು ಒತ್ತೊತ್ತಾಗಿ ಕೂತಿದ್ದವು. ಗಾರ್ಡಿನ ಕೆಳಬದಿಯಲ್ಲಿ ಮೂರು ಗೀರು, ಹೆಬ್ಬೆರಳಿನಷ್ಟು ಒಂದು ತಗ್ಗು. ಚೇಂಬರಿನ ಕಪ್ಪು ಬಣ್ಣ ಹೊಸದಾಗಿಯೇ ಇತ್ತು. ಆದರೆ ಎಡಗಡೆಯ ಲಿಂಕ್ ರಾಡ್ ಸಡಿಲಾಗಿ ಲೊಟಲೊಟ ಎನ್ನುತ್ತಿತ್ತು, ಆಕ್ಸಲ್ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟಿನ ಮಡಿಕೆಯಲ್ಲಿ ಸೀಳು ಬಂದು ಗ್ರೀಸ್ ರಿಮ್ಮಿನ ಒಳಬದಿಗೆ ಸಿಡಿದಿತ್ತು. ಗಾರ್ಡ್ ಕಾಯುವುದು ನಡುವಿನದನ್ನು ಮಾತ್ರ, ಗುಂಡಿಯ ಏಟು ತಿನ್ನುವ ಲೋವರ್ ಆರ್ಮ್, ಬುಷ್, ಬೂಟುಗಳನ್ನು ಅಲ್ಲ. ಬೂಟನ್ನು ಅದೇ ದಿನ ಬದಲಿಸಿ ಹೊಸ ಗ್ರೀಸ್ ತುಂಬಿದೆ, ನೂರರ ಲೆಕ್ಕದಲ್ಲಿ ಮುಗಿಯಿತು. ಕೆಸರು ಒಳಗೆ ಹೋಗಿ ಆಕ್ಸಲ್ ಜಾಯಿಂಟ್ ಕಡಿದಿದ್ದರೆ ಸಾವಿರಗಳ ಲೆಕ್ಕ.

ಮಣ್ಣು ಕೆರೆದು, ತೊಳೆದು, ಗಾರ್ಡನ್ನು ಮತ್ತೆ ಏರಿಸುವ ಮೊದಲು ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು ಆ ಮೂರು ಗೀರುಗಳ ಸುತ್ತ ಗುರುತು ಹಾಕಿ ಫೋಟೊ ತೆಗೆದುಕೊಂಡರು. ಮುಂದಿನ ಸಲ ಹೊಸದು ಯಾವುದೆಂದು ಗೊತ್ತಾಗಬೇಕಲ್ಲ ಎಂದರು. ಪೇಟೆಯ ಆ ಬಳೆಯ ಸುತ್ತ ಎರಡು ಸಲ ಮಣ್ಣು ಹಾಕಿದ್ದಾರೆ, ಎರಡು ಸಲವೂ ಮಳೆಗೆ ಕೂತಿದೆ. ಈಗ ಯಾರೋ ಅದರ ಪಕ್ಕದಲ್ಲಿ ಒಂದು ಹಸಿ ಕೊಂಬೆ ನೆಟ್ಟಿದ್ದಾರೆ.